ಬಿಡುವಿನ ಹೊತ್ತಿನ ಕನ್ನಡಿಗರು



ಜಪಾನ್ ದೇಶದಲ್ಲಿ ಮಾತ್ಸುಎ ಎಂಬುದೊಂದು ಊರು. ೧೮೯೦ರಲ್ಲಿ ಲಾಫ್ಕಾಡಿಯೋ ಹರ್ನ್ ಎಂಬ ಲೇಖಕರು ಅಲ್ಲಿಗೆ ಇಂಗ್ಲಿಷ್ ಉಪಾಧ್ಯಾಯರಾಗಿ ಬಂದರು. ಅವರು ಹುಟ್ಟಿದ್ದು ಗ್ರೀಸಿನ ಒಂದು ದ್ವೀಪದಲ್ಲಿ, ಬೆಳೆದದ್ದು ಐರ್ಲೆಂಡಿನಲ್ಲಿ, ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದದ್ದು ಅಮೆರಿಕದಲ್ಲಿ. ಪಾಠಶಾಲೆಯ ಕೆಲಸ ಮುಗಿದೊಡನೆ ಅವರು ಪಾಶ್ಚಾತ್ಯ ಉಡುಪನ್ನು ಕಳೆದು, ಆ ನಾಡಿನ ನಿಲುವಂಗಿಯನ್ನು ಧರಿಸಿ, ಮನೆಯ ತೋಟವನ್ನು ನೋಡುತ್ತ ಕುಳಿತಿರುತ್ತಿದ್ದರು. ಆ ನಾಡಿನ ಯೋಧಮನೆತನದ ಸೆತ್ಸು ಎಂಬ ಮಹಿಳೆಯನ್ನು ಮದುವೆಯಾದರು. ೧೮೯೬ರಲ್ಲಿ ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೋ ಎಂಬ ಹೆಸರನ್ನು ಪಡೆದರು. ಹೆಂಡತಿ ಹೇಳಿದ ಹಳೆಯ ದೆವ್ವದ ಕಥೆಗಳೇ ೧೯೦೪ರಲ್ಲಿ ಅವರ 'ಕ್ವೈದಾನ್' ಎಂಬ ಗ್ರಂಥಕ್ಕೆ ಆಧಾರವಾದುವು. ಅದೇ ವರ್ಷ ಅವರು ತೀರಿಕೊಂಡರು. ಅವರಿಗೆ ಸಂಬಳ ಬರುತ್ತಿದ್ದುದು ಪಾಠ ಹೇಳಿದ್ದಕ್ಕೆ. ಆದರೆ ಜಪಾನ್ ಅವರಿಗೆ ಒಲಿದದ್ದು ಪಾಠದ ಹೊತ್ತಿನಲ್ಲಿ ಅಲ್ಲ, ಬಿಡುವಿನ ಹೊತ್ತಿನಲ್ಲಿ.

ಈ ದೂರದ ಮಾತನ್ನು ಮೊದಲಿಗೆ ಎತ್ತಿಕೊಂಡುದಕ್ಕೆ ಕಾರಣವುಂಟು. ಹೊರನಾಡಿನಿಂದ ಬಂದು ಒಂದು ನಾಡಿನ ಬಾಳಿನಲ್ಲಿ ಬೆರೆತವರು ನಮ್ಮಲ್ಲಿಯೂ ಇದ್ದರೇ, ಅವರು ತಮ್ಮ ಹಗಲು ಸಂಜೆಗಳನ್ನು ಹೇಗೆ ಕಳೆದರು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಉತ್ತರಕ್ಕಾಗಿ ರಾಜಧಾನಿಗಳನ್ನೇ ಹುಡುಕಬೇಕಾಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹೆಸರುಗಳನ್ನು ಕೇಳಿದರೆ ನಮ್ಮ ಕಣ್ಣಿನ ಮುಂದೆ ಬರುವುದು ಎರೆಭೂಮಿ, ಬಿಳಿಜೋಳ, ಮಳೆಗಾಗಿ ಮುಗಿಲು ನೋಡುವ ಒಕ್ಕಲಿಗ. ಬಡಗಲಿಗೆ ಭೀಮೆ, ತೆಂಕಲಿಗೆ ಕೃಷ್ಣೆ, ನಡುವೆ ಡೋಣಿ. 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎಂಬುದು ಅಲ್ಲಿಯ ಗಾದೆ. ಇಂಥ ಬಯಲಿಗೆ ಪರದೇಶದವರು ಏಕೆ ಬಂದಾರು ಎಂದು ಯಾರಾದರೂ ಕೇಳಬಹುದು. ಆದರೆ ಬಂದದ್ದಕ್ಕೆ ಕಲ್ಲಿನ ಸಾಕ್ಷಿಯೇ ಇದೆ.

ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಗ್ರಾಮವಿದೆ. ಅಲ್ಲಿಯ ಕಂಬದ ಶಾಸನವು ಶಕವರ್ಷ ೮೬೭ಕ್ಕೆ, ಅಂದರೆ ಕ್ರಿ. ಶ. ೯೪೫ಕ್ಕೆ ಸೇರಿದುದು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನು ಮಾನ್ಯಖೇಟದಿಂದ ಆಳುತ್ತಿದ್ದ ಕಾಲ. ಆತನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆ ಎಂದು ಆಗ ಹೆಸರಿದ್ದ ಆ ಊರಿನಲ್ಲಿ ತ್ರಯೀಪುರುಷರ ದೇವಾಲಯವನ್ನೂ ಅದರೊಡನೆ ಒಂದು ಶಾಲೆಯನ್ನೂ ಕಟ್ಟಿಸಿದನು. ಶಾಲೆಯ ಪಾವಿಟ್ಟಗೆಯೇ ಸಾಲೋಟಗಿಯಾಯಿತೆಂದು ವಿದ್ವಾಂಸರು ಊಹಿಸಿರುವರು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಸತಿಗಾಗಿ ೨೭ ಮನೆಗಳನ್ನು ಬಿಟ್ಟುಕೊಡಲಾಗಿತ್ತು.

ಈ ಶಾಸನದಲ್ಲಿ ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆಯುವುದು ದೇವಾಲಯದ ವೈಭವವಲ್ಲ, ನಿತ್ಯಜೀವನದ ಸಣ್ಣ ಏರ್ಪಾಡುಗಳು. ದೀಪದ ವೆಚ್ಚಕ್ಕೆಂದೇ ೧೨ ನಿವರ್ತನ ಭೂಮಿಯನ್ನು ಮೀಸಲಿಟ್ಟಿದ್ದರು. ಊರಿನಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಕಾಣಿಕೆ, ಉಪನಯನಕ್ಕೆ ಅದರಲ್ಲಿ ಅರ್ಧ, ಚೌಲಕ್ಕೆ ಅದರಲ್ಲಿ ಕಾಲುಭಾಗ ಎಂದು ಗೊತ್ತುಮಾಡಿದ್ದರು. ಔತಣ ನಡೆದಾಗ ಶಾಲೆಯವರಿಗೂ ಊಟವಿಕ್ಕಬೇಕೆಂಬ ಕಟ್ಟಳೆ ಇತ್ತು. ಇದರ ಅರ್ಥವೇನು? ದೂರದಿಂದ ಬಂದ ಹುಡುಗನು ಹಗಲಲ್ಲಿ ವೇದವನ್ನು ಓದಿದನು. ಸಂಜೆ ಊರಿನವರ ಮದುವೆಯ ಪಂಕ್ತಿಯಲ್ಲಿ ಕುಳಿತು ಉಂಡನು. ರಾತ್ರಿ ಊರಿನ ಹೊಲದ ಉತ್ಪತ್ತಿಯಿಂದ ಉರಿಯುವ ದೀಪದ ಮುಂದೆ ಓದಿದ್ದನ್ನು ಮೆಲುಕು ಹಾಕಿದನು. ಹೊರಗಿನವನನ್ನು ಒಳಗಿನವನನ್ನಾಗಿ ಮಾಡುವ ಕಲೆ ಆ ಊರಿಗೆ ತಿಳಿದಿತ್ತು. ಆ ಶಾಲೆಯ ಕಟ್ಟಡವು ಕಾಲವಶದಿಂದ ಬಿದ್ದುಹೋದಾಗ ಹನ್ನೊಂದನೆಯ ಶತಮಾನದಲ್ಲಿ ಅದನ್ನು ಮತ್ತೆ ಎತ್ತಿ ಕಟ್ಟಿದರು.

ಇಂಡಿಯಿಂದ ತೆಂಕಲಿಗೆ ಇಳಿದರೆ ಬಸವನ ಬಾಗೇವಾಡಿ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿದ ಬಸವಣ್ಣನವರ ಕೀರ್ತಿಯು ಎಷ್ಟು ದೂರ ಹರಡಿತೆಂಬುದನ್ನು ಶರಣರ ಚರಿತ್ರೆಗಳು ಹೇಳುತ್ತವೆ. ಮೋಳಿಗೆ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ಬಿಟ್ಟು, ರಾಣಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರಿ ಬದುಕಿದನೆಂಬುದು ಪರಂಪರೆಯ ಮಾತು. ಸೌರಾಷ್ಟ್ರದ ವರ್ತಕನಾದ ಆದಯ್ಯನು ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದು ಅಲ್ಲಿಯೇ ನಿಂತನೆಂದು ಹೇಳುತ್ತಾರೆ. ಈ ಕಥೆಗಳಲ್ಲಿ ಇತಿಹಾಸವೆಷ್ಟು, ಪುರಾಣವೆಷ್ಟು ಎಂಬ ವಿಚಾರ ಹಾಗಿರಲಿ. ಇಬ್ಬರ ಹೆಸರಿನಲ್ಲಿಯೂ ಕನ್ನಡ ವಚನಗಳು ಉಳಿದಿವೆ. ಹಗಲೆಲ್ಲ ಕಾಯಕ, ಕಾಯಕವಾದ ಮೇಲೆ ಗೋಷ್ಠಿ. ಆ ಗೋಷ್ಠಿಯಲ್ಲಿ ಪರನಾಡಿನವನು ಕನ್ನಡದಲ್ಲಿ ನುಡಿದನು. ಅವನು ಕನ್ನಡಿಗನಾದುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಇನ್ನು ಬಿಜಾಪುರದ ಆದಿಲಶಾಹಿಯ ಕಾಲಕ್ಕೆ ಬರೋಣ. ಈ ವಂಶದ ಮೂಲಪುರುಷನಾದ ಯೂಸುಫನೇ ಪರದೇಶದಿಂದ ಬಂದವನು. ಪರ್ಷಿಯದಿಂದ ಬಂದ ಹೊಸಬರಿಗೂ ದಖ್ಖನಿನ ಹಳಬರಿಗೂ ಆಸ್ಥಾನದಲ್ಲಿ ತಲೆತಲಾಂತರದ ಕಲಹವಿತ್ತು. ಅಧಿಕಾರಕ್ಕಾಗಿ ಬಂದವರು ಅಧಿಕಾರಕ್ಕಾಗಿಯೇ ಕಾದಾಡಿದರು. ಆದರೆ ಅದೇ ವಂಶದ ಐದನೆಯ ತಲೆಮಾರಿನ ಇಮ್ಮಡಿ ಇಬ್ರಾಹಿಮನು, ೧೫೮೦ರಿಂದ ೧೬೨೭ರವರೆಗೆ ಆಳಿದವನು, ರಾಜ್ಯಭಾರದ ಬಿಡುವಿನಲ್ಲಿ ಸಂಗೀತಕ್ಕೆ ಮನಸೋತನು. ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟು ಮುದ್ದಿಸಿದನು. ದಖ್ಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಗ್ರಂಥವನ್ನು ರಚಿಸಿ ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದನು. ಆ ಗ್ರಂಥಕ್ಕೆ ಪರ್ಷಿಯದಿಂದ ಬಂದ ಕವಿ ಜುಹೂರಿಯು ಮುನ್ನುಡಿ ಬರೆದನು. ದರ್ಬಾರಿನ ಜಗಳ ಬಗೆಹರಿಸಲಾರದ್ದನ್ನು ಸಂಜೆಯ ಹಾಡು ಬಗೆಹರಿಸಿತು.

ಈಗ ನಮಗೆ ಹತ್ತಿರದ ಕಾಲಕ್ಕೆ ಬರುತ್ತೇನೆ. ಸಿಂದಗಿ ಮುದ್ದೇಬಿಹಾಳಗಳ ಮೂಡಲಿಗೆ, ತಾಳಿಕೋಟೆಯ ಆಚೆಗೆ, ಸುರಪುರದ ಬೇಡನಾಯಕರ ಸಂಸ್ಥಾನವಿತ್ತು. ೧೮೪೧ರಿಂದ ೧೮೫೩ರವರೆಗೆ ಅದರ ಮೇಲ್ವಿಚಾರಣೆ ನಡೆಸಿದವರು ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು. ಅವರು ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದು ವರ್ಷದ ಹುಡುಗನಾಗಿರುವಾಗಲೇ ಮುಂಬಯಿಯ ಒಬ್ಬ ವರ್ತಕನ ಅಂಗಡಿಯ ಕೆಲಸಕ್ಕೆಂದು ಹಡಗು ಹತ್ತಿದರು. ಆ ಅಂಗಡಿಯ ಸ್ಥಿತಿ ಕೆಟ್ಟಿದ್ದುದರಿಂದ ನಿಜಾಮರ ಸೈನ್ಯವನ್ನು ಸೇರಿದರು. ಕಾನೂನು, ಮೋಜಣಿ, ಭಾಷೆಗಳು, ಎಲ್ಲವನ್ನೂ ಸ್ವಪ್ರಯತ್ನದಿಂದ ಕಲಿತರು.

ಸುರಪುರದಲ್ಲಿ ಅವರ ಹಗಲು ಕೆಲಸದಲ್ಲಿ ಕಳೆಯಿತು: ರಾಣಿ ಈಶ್ವರಮ್ಮನವರ ಪಕ್ಷಕ್ಕೂ ಎದುರು ಪಕ್ಷಕ್ಕೂ ನಡುವಣ ವ್ಯಾಜ್ಯ, ಕಂದಾಯದ ಲೆಕ್ಕ, ರಸ್ತೆ, ಬೋನಾಳದ ದೊಡ್ಡ ಕೆರೆಯ ವಿಸ್ತರಣೆ. ಬಿಡುವಾದಾಗ ಅವರು ಚಿತ್ರ ಬರೆಯುತ್ತಿದ್ದರು, ಕಥೆ ಬರೆಯುತ್ತಿದ್ದರು. ಗುಡ್ಡದ ಮೇಲೆ ಅವರು ಕಟ್ಟಿಸಿದ ಮನೆಯನ್ನು ಜನ ಟೇಲರ್ ಮಂಜಿಲ್ ಎಂದೇ ಕರೆದರು. ರಾಜನಕೋಳೂರು, ಜೇವರ್ಗಿ ಮುಂತಾದ ಕಡೆಗಳಲ್ಲಿ ಬಯಲಿನಲ್ಲಿ ನಿಂತ ಪುರಾತನ ಕಲ್ಲುಗೋರಿಗಳು ಅವರ ಕಣ್ಣಿಗೆ ಬಿದ್ದುವು. ಮೋರ್ಯರ ಮನೆಗಳೆಂದು ಹಳ್ಳಿಗರು ಹೇಳುತ್ತಿದ್ದ ಆ ಕಲ್ಲುಗಳನ್ನು ಅವರು ಅಳೆದರು, ಅಗೆಸಿದರು, ಚಿತ್ರಿಸಿದರು. ಬ್ರಿಟನ್ ಐರ್ಲೆಂಡುಗಳ ಕಲ್ಲುಗೋರಿಗಳೊಡನೆ ಹೋಲಿಸಿ ಲೇಖನಗಳನ್ನು ಪ್ರಕಟಿಸಿದರು. ದಕ್ಷಿಣದ ಬೃಹಚ್ಛಿಲಾ ಸಂಸ್ಕೃತಿಯ ಅಧ್ಯಯನದಲ್ಲಿ ಅವು ಮೊದಮೊದಲ ಹೆಜ್ಜೆಗಳೆಂದು ಇಂದಿಗೂ ಎಣಿಕೆಯಾಗುತ್ತವೆ. ಜನರು ಆ ಸಾಹೇಬರಿಗೆ ಮಹಾದೇವ ಬಾಬಾ ಎಂಬ ಹೆಸರನ್ನು ಕೊಟ್ಟರು.

ಇಷ್ಟರಲ್ಲಿಯೇ ಈ ಕಥೆ ಮುಗಿದಿದ್ದರೆ ಅದು ಸೊಗಸಾದ ಕಥೆ. ಆದರೆ ಇತಿಹಾಸ ಅಲ್ಲಿ ನಿಲ್ಲಲಿಲ್ಲ. ಸಂಸ್ಥಾನದ ಬಾಲರಾಜ ವೆಂಕಟಪ್ಪ ನಾಯಕನು ಟೇಲರ್ ಸಾಹೇಬರ ಕಣ್ಣಿನ ಮುಂದೆ ಬೆಳೆದ ಹುಡುಗ. ಅವರನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ೧೮೫೩ರಲ್ಲಿ ರಾಜ್ಯವನ್ನು ಅವನ ಕೈಗೊಪ್ಪಿಸಿ ಅವರು ಸುರಪುರವನ್ನು ಬಿಟ್ಟರು. ೧೮೫೮ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕನು ಕಂಪನಿ ಸರ್ಕಾರದ ವಿರುದ್ಧ ಕತ್ತಿಯೆತ್ತಿ, ಸೋತು, ಸೆರೆಸಿಕ್ಕಿದನು. ಟೇಲರ್ ಸಾಹೇಬರು ಸಿಕಂದರಾಬಾದಿನ ಸೆರೆಮನೆಗೆ ಹೋಗಿ ಅವನನ್ನು ಕಂಡರು. ಅವನಿಗೆ ವಿಧಿಸಿದ್ದ ಮರಣದಂಡನೆ ಕಡೆಗೆ ನಾಲ್ಕು ವರ್ಷಗಳ ಸೆರೆಯಾಗಿ ಮಾರ್ಪಟ್ಟಿತು. ಸೆರೆಗೆ ಒಯ್ಯುತ್ತಿದ್ದಾಗ ದಾರಿಯಲ್ಲಿಯೇ ಆ ತರುಣನು ಪಿಸ್ತೂಲಿನ ಗುಂಡಿನಿಂದ ಮಡಿದನು. ಅದು ಆಕಸ್ಮಿಕವೋ, ತಾನೇ ಮಾಡಿಕೊಂಡುದೋ ಎಂಬುದು ಇಂದಿಗೂ ಚರ್ಚೆಯ ವಿಷಯ. ಸುರಪುರದ ಸಂಸ್ಥಾನವೂ ಅವನೊಡನೆ ಮುಗಿಯಿತು. ೧೮೬೦ರಲ್ಲಿ ಅದು ನಿಜಾಮರಿಗೆ ಸೇರಿತು.

'ಅಪ್ಪಾ' ಎನಿಸಿಕೊಂಡವರು ಯಾವ ಸರ್ಕಾರದ ಹಿತಕ್ಕೆ ಬದ್ಧರಾಗಿದ್ದರೋ ಆ ಸರ್ಕಾರವೇ ಮಗನನ್ನು ಸೆರೆಗೆ ಹಾಕಿತು. ಪ್ರೀತಿ ಸುಳ್ಳಲ್ಲ, ಆದರೆ ಪ್ರೀತಿಗೆ ಅಧಿಕಾರದ ಕಟ್ಟನ್ನು ಬಿಚ್ಚುವ ಬಲವಿರಲಿಲ್ಲ. ತಾಯ್ನಾಡಿಗೆ ಮರಳಿದ ಮೇಲೆಯೂ ಟೇಲರ್ ಸಾಹೇಬರು ದಖ್ಖನಿನ ಕಥೆಗಳನ್ನೇ ಬರೆದರು. ಚಾಂದಬೀಬಿಯನ್ನು ಕುರಿತ ಅವರ ಕಾದಂಬರಿಯಲ್ಲಿ ಕೃಷ್ಣೆಯ ಜಲದುರ್ಗವೂ ಬೇಡರ ನಾಡೂ ಕಾಣಿಸಿಕೊಳ್ಳುತ್ತವೆ. ಮುಪ್ಪಿನಲ್ಲಿ, ೧೮೭೫ರಲ್ಲಿ, ಮತ್ತೊಮ್ಮೆ ಈ ದೇಶವನ್ನು ನೋಡಲು ಬಂದು, ಅಸ್ವಸ್ಥರಾಗಿ, ಹಿಂದಿರುಗುವ ದಾರಿಯಲ್ಲಿ ಫ್ರಾನ್ಸಿನ ಮೆಂತೋನ್ ಎಂಬಲ್ಲಿ ೧೮೭೬ರಲ್ಲಿ ತೀರಿಕೊಂಡರು.

ಇಂಥದೇ ಇನ್ನೊಂದು ಉದಾಹರಣೆ ಜಾನ್ ಫೇತ್‌ಫುಲ್ ಫ್ಲೀಟ್ ಸಾಹೇಬರದು. ೧೮೬೭ರಲ್ಲಿ ಮುಂಬಯಿ ಇಲಾಖೆಯ ಸರ್ಕಾರಿ ಕೆಲಸಕ್ಕೆ ಬಂದ ಇವರು ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರರಾಗಿ ದಕ್ಷಿಣ ಭಾಗದಲ್ಲಿ ಸಂಚರಿಸಿದರು. ಮುಂದೆ ಭೀಮೆಯಾಚೆಯ ಸೊಲ್ಲಾಪುರದಲ್ಲಿ ಕಲೆಕ್ಟರರಾದರು. ಕಚೇರಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಹಳಗನ್ನಡ ಶಾಸನಗಳನ್ನು ಓದಿದರು. ೧೮೮೨ರಲ್ಲಿ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಇತಿಹಾಸವನ್ನು ಬರೆದರು. ಅದಕ್ಕಿಂತಲೂ ನಾವು ನೆನೆಯಬೇಕಾದುದು ಅವರ ಲಾವಣಿಗಳ ಸಂಗ್ರಹ. ಪಂಡಿತರು ಕಿವಿಗೊಡದೆ ಇದ್ದ ಹಳ್ಳಿಯ ಹಾಡುಗಳನ್ನು ಅವರು ಬರೆಯಿಸಿಕೊಂಡು, ಇಂಗ್ಲಿಷ್ ಅನುವಾದದೊಡನೆ, ೧೮೮೫ರಿಂದ ಮುಂದಕ್ಕೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು.

ಆ ಹಾಡುಗಳು ಯಾವುವು? ಕಂಪನಿಯ ಮೇಲೆ ದಂಗೆಯೆದ್ದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿ. ೧೮೫೭ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಕಾದು ಊರನ್ನೇ ಬೆಂಕಿಗೆ ಕೊಟ್ಟ ಹಲಗಲಿಯ ಬೇಡರ ಲಾವಣಿ. ಸರ್ಕಾರ ಹಾಕಿದ ಆದಾಯತೆರಿಗೆಯನ್ನು ಕುರಿತ ಲಾವಣಿ. ತಮ್ಮ ಸರ್ಕಾರವೇ ನೇಣು ಹಾಕಿದವರ ಕೀರ್ತಿಯನ್ನು ಆ ಸರ್ಕಾರದ ಅಧಿಕಾರಿಯೊಬ್ಬರು ಕಿವಿಗೊಟ್ಟು ಕೇಳಿ, ಅಕ್ಷರಕ್ಕೆ ತಂದು, ಮುಂದಿನವರಿಗೆ ಉಳಿಸಿದರು. ಹಲಗಲಿಯ ಹಾಡು ನಮ್ಮ ಮಕ್ಕಳ ಪಠ್ಯಪುಸ್ತಕದವರೆಗೆ ಬಂದುದರಲ್ಲಿ ಆ ಬಿಡುವಿನ ದುಡಿಮೆಗೆ ಪಾಲುಂಟು. ಅವರ ಉದ್ದೇಶ ಏನೇ ಇದ್ದಿರಲಿ, ಕಚೇರಿಯಲ್ಲಿ ದಂಗೆಯೆಂದು ಬರೆದ ಸಂಗತಿ ಹಾಡಿನಲ್ಲಿ ಶೌರ್ಯವಾಗಿತ್ತು. ಆ ಎರಡನೆಯ ಸಾಕ್ಷ್ಯವನ್ನೂ ಅವರು ಅಳಿಸದೆ ಉಳಿಸಿದರು.

ಮಹನೀಯರೇ, ಈ ಎಲ್ಲ ಸಂಗತಿಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪರನಾಡಿಗನೊಬ್ಬನು ನಮ್ಮಲ್ಲಿ ಎಷ್ಟು ಬೆರೆತನೆಂಬುದನ್ನು ಅವನ ಹುದ್ದೆಯಿಂದ ಅಳೆಯಲಾಗದು. ಕೆಲಸ ಮುಗಿದ ಮೇಲೆ ಅವನು ಯಾರ ಬಳಿ ಕುಳಿತನು, ಯಾರ ಮಾತನ್ನು ಕೇಳಿದನು ಎಂಬುದರಿಂದ ಅಳೆಯಬೇಕು. ಆದರೆ ಅಷ್ಟಕ್ಕೇ ಲೆಕ್ಕ ಚುಕ್ತಾ ಆಗುವುದಿಲ್ಲ. ಆಳುವವನಾಗಿ ಬಂದವನ ಒಲವು ಎಷ್ಟೇ ದೊಡ್ಡದಾದರೂ ಅದರ ಬೆನ್ನಿಗೆ ವೆಂಕಟಪ್ಪ ನಾಯಕನ ಕಥೆಯಂಥ ನೆರಳೊಂದು ನಿಂತಿರುತ್ತದೆ. ಕಲಿಯುವವನಾಗಿ, ದುಡಿಯುವವನಾಗಿ ಬಂದವನಿಗೆ ಆ ನೆರಳಿಲ್ಲ.

ಸಾಲೋಟಗಿಯ ಕಂಬವು ಹೇಳುವುದು ಇನ್ನೊಂದು ಮಾತು. ಅದು ಬಂದವರನ್ನು ಕುರಿತದ್ದಲ್ಲ, ಬರಮಾಡಿಕೊಂಡವರನ್ನು ಕುರಿತದ್ದು. ಇಂದಿಗೂ ನಮ್ಮ ಊರುಗಳಿಗೆ ದೂರದೂರದಿಂದ ಓದಲು, ದುಡಿಯಲು ಜನ ಬರುತ್ತಾರೆ. ಅವರಿಗೆ ಕೆಲಸವನ್ನೇನೋ ಕೊಡುತ್ತೇವೆ, ಸಂಜೆಯನ್ನು ಕೊಡುತ್ತೇವೆಯೇ? ನಮ್ಮ ಮದುವೆಯ ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕುತ್ತೇವೆಯೇ? ಸಾವಿರ ವರ್ಷಗಳ ಹಿಂದೆ ಇಂಡಿಯ ಸೀಮೆಯ ಒಂದು ಹಳ್ಳಿ ಪರವೂರಿನ ಹುಡುಗರ ದೀಪಕ್ಕಾಗಿ ಹನ್ನೆರಡು ನಿವರ್ತನ ಹೊಲವನ್ನು ಬಿಟ್ಟುಕೊಟ್ಟಿತ್ತು. ಆ ಹಳ್ಳಿಯವರಿಗೆ ತಿಳಿದಿದ್ದ ಮರ್ಯಾದೆಯನ್ನು ನಾವು ಮರೆಯಬಾರದೆಂದು ಅರಿಕೆ ಮಾಡಿಕೊಂಡು ನನ್ನ ಈ ಭಾಷಣವನ್ನು ಮುಗಿಸುತ್ತೇನೆ.