ಆಡು ಮುಟ್ಟದ ಬಳ್ಳಿ, ಕಾಣದ ಜೀವಾಣು: ದಮ್ಮಿನ ಮದ್ದು ನಡೆದು ಬಂದ ದಾರಿ

ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಕೊಪ್ಪಳ ತಾಲ್ಲೂಕಿನ ಕುಟಗನಹಳ್ಳಿಗೆ ದಮ್ಮಿನ ರೋಗಿಗಳು ಜಾತ್ರೆಗೆ ಬಂದಂತೆ ಬರುತ್ತಾರೆ. ಅಲ್ಲಿನ ಒಂದು ಮನೆತನ ಅಂದು ಪುಕ್ಕಟೆ ಗಿಡಮೂಲಿಕೆ ಔಷಧ ಕೊಡುತ್ತದೆ. ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಗೆ ಅದೇನು ದೂರದ ಊರಲ್ಲ. ಇನ್ನೊಂದು ದಿಕ್ಕಿಗೆ ಮುಖ ಮಾಡಿದರೆ ಕಪ್ಪತಗುಡ್ಡ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗೆಲ್ಲ ಅದೇ ಮದ್ದಿನ ಕಣಜ. ಒಲೆಯ ಹೊಗೆ, ಜೋಳದ ರಾಶಿಯ ದೂಳು, ಹತ್ತಿ ಜಿನ್ನಿನ ಅರಳೆಪುಡಿ, ಎಲ್ಲವನ್ನೂ ಉಂಡು ಬದುಕುವ ಎದೆಗಳಿವು. ಉಬ್ಬಸಕ್ಕೆ ಎಲೆ, ಬೇರು ಹುಡುಕುವುದು ಇಲ್ಲಿ ಹಳೆಯ ರೂಢಿ. ಈಗ ಅದರ ಜೊತೆಗೆ ‘ಶ್ವಾಸಕೋಶದ ಆರೋಗ್ಯಕ್ಕೆ’ ಎಂಬ ಚೀಟಿ ಅಂಟಿಸಿಕೊಂಡ ಗಿಡಮೂಲಿಕೆ ಮಾತ್ರೆಗಳೂ ಪ್ರೊಬಯಾಟಿಕ್ ಪುಡಿಗಳೂ ಬಂದಿವೆ. ಇವುಗಳಲ್ಲಿ ಯಾವುದನ್ನು ಯಾರು, ಯಾವಾಗ, ಹೇಗೆ ಒರೆಗೆ ಹಚ್ಚಿದರು ಎಂಬುದೇ ಈ ಲೇಖನದ ವಿಷಯ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ. ಆದರೆ ‘ಆಡುಮುಟ್ಟದ ಬಳ್ಳಿ’ ಎಂದೇ ಹೆಸರು ಹೊತ್ತ ಒಂದು ಬಳ್ಳಿಯಿದೆ, ದಮ್ಮಿಗೆ ಅದರ ಎಲೆ ಅಗಿಯುವುದು ನಾಟಿ ವೈದ್ಯರ ಪದ್ಧತಿ. 1960ರ ದಶಕದ ಕೊನೆಯಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ವಕ್ಷ ಸಂಸ್ಥೆಯ ಡಾ. ಶಿವಪುರಿ ಮತ್ತು ಸಂಗಡಿಗರು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡರು. 110 ಅಸ್ತಮಾ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೊಂದು ಎಲೆಯಂತೆ ಆರು ದಿನ ಕೊಟ್ಟರು, ಉಳಿದವರಿಗೆ ಹುಸಿಮದ್ದು. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ಗೊತ್ತಿಲ್ಲ, ವೈದ್ಯನಿಗೂ ಗೊತ್ತಿಲ್ಲ. ವಾರದ ಕೊನೆಗೆ ಎಲೆ ತಿಂದವರಲ್ಲಿ ಶೇ. 62 ಮಂದಿಗೆ ಆರಾಮ ಕಂಡಿತ್ತು, ಹುಸಿಮದ್ದಿನವರಲ್ಲಿ ಶೇ. 28 ಮಂದಿಗೆ. ಎಲೆ ತಿಂದ ಕೆಲವರಿಗೆ ಬಾಯಿ ಹುಣ್ಣಾಯಿತು, ನಾಲಿಗೆಗೆ ಉಪ್ಪಿನ ರುಚಿ ಹತ್ತಲಿಲ್ಲ, ವಾಕರಿಕೆ ಬಂತು. 1979ರಲ್ಲಿ ಇನ್ನೊಂದು ತಂಡ ಒಣಗಿಸಿದ ಎಲೆಯ ಪುಡಿ ಕೊಟ್ಟು ನೋಡಿದಾಗ ಹುಸಿಮದ್ದಿಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಹಸಿ ಎಲೆಯಲ್ಲಿದ್ದ ಗುಣ ಪುಡಿಯಲ್ಲಿ ಸತ್ತಿತೋ, ಮೊದಲ ಫಲವೇ ಆಕಸ್ಮಿಕವೋ? ಈ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟದ್ದು ನನಗೆ ಇಂದಿಗೂ ಸಂಕಟದ ಸಂಗತಿ.

ಆಡುಸೋಗೆಯ ಅದೃಷ್ಟ ಬೇರೆ. ದನಕರು ಬಾಯಿ ಹಾಕದ ಕಹಿ ಸೊಪ್ಪು. ಅದಕ್ಕೇ ಬೇಲಿಗೆ ಒಳ್ಳೆಯದು, ಕೆಮ್ಮಿನ ಕಷಾಯಕ್ಕೂ ಒಳ್ಳೆಯದು. 1888ರಲ್ಲಿ ಹೂಪರ್ ಎಂಬ ರಸಾಯನಶಾಸ್ತ್ರಜ್ಞ ಅದರಿಂದ ವಾಸಿಸಿನ್ ಎಂಬ ಸಾರ ತೆಗೆದ. ಆ ಅಣುವಿನ ಜಾಡು ಹಿಡಿದು ರೂಪಿಸಿದ ಬ್ರೋಮ್‌ಹೆಕ್ಸಿನ್ 1963ರಲ್ಲಿ ಮಾರುಕಟ್ಟೆಗೆ ಬಂತು. ಅದು ದೇಹದೊಳಗೆ ಮಾರ್ಪಟ್ಟು ಆಗುವ ಆಂಬ್ರಾಕ್ಸಾಲ್ ಆಮೇಲೆ ತಾನೇ ಒಂದು ಔಷಧವಾಯಿತು. ಕಫ ತೆಳುವಾಗಲೆಂದು ಮೆಡಿಕಲ್ ಅಂಗಡಿಯಲ್ಲಿ ಕೊಡುವ ಎಷ್ಟೋ ಸಿರಪ್ಪುಗಳಲ್ಲಿ ಇರುವುದು ಇವೇ. ಅಜ್ಜಿ ಕಾಸಿದ ಕಷಾಯಕ್ಕೂ ಆ ಬಾಟಲಿಗೂ ರಕ್ತಸಂಬಂಧವಿದೆ. ವಾಸಿಸಿನ್ ಗರ್ಭಕೋಶವನ್ನು ಕೆರಳಿಸುತ್ತದೆ; ಬಸುರಿಯರು ಈ ಕಷಾಯದಿಂದ ದೂರವಿರಬೇಕು.

ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟುವಿನ ಹಿಂದಿನ ಒಂದು ಗುಟ್ಟು ಬೆಂಗಳೂರಿನಲ್ಲೇ ಬಯಲಾಯಿತು. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅರಿಸಿನದ ಸಾರವಾದ ಕರ್ಕ್ಯುಮಿನ್ 2 ಗ್ರಾಂ ಜೊತೆ ಮೆಣಸಿನ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ, ರಕ್ತ ಸೇರುವ ಆ ಸಾರ ಹಲವು ಪಟ್ಟು ಹೆಚ್ಚಿತು. ಅರಿಸಿನದ ಹಾಲಿಗೆ ಮೆಣಸು ಹಾಕಿದವರು ಸುಮ್ಮನೆ ಹಾಕಿರಲಿಲ್ಲ. ಇದೇ ಗುಣ ಇಂಗ್ಲಿಷ್ ಮಾತ್ರೆ ನುಂಗುವವರಿಗೆ ಅಪಾಯವೂ ಆದೀತು, ಏಕೆಂದರೆ ಪೈಪರಿನ್ ಆ ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು.

ಇನ್ನು ಪ್ರೊಬಯಾಟಿಕ್ ಎನ್ನುವ ಜೀವಾಣುಗಳ ಕಥೆ ಮೊಸರಿನಿಂದ ಶುರುವಾಗುತ್ತದೆ. 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಮೆಚ್ನಿಕಾಫ್, ಹುಳಿಹಾಲಿನ ಬ್ಯಾಕ್ಟೀರಿಯಾ ಆಯುಷ್ಯ ಹೆಚ್ಚಿಸುತ್ತದೆಂದು ವಾದಿಸಿದ್ದ. ಬಹುಕಾಲ ಅದು ಕರುಳಿನ ಮಾತಾಗಿಯೇ ಉಳಿಯಿತು. ಶ್ವಾಸಕೋಶದಲ್ಲಿ ಜೀವಾಣುಗಳೇ ಇಲ್ಲವೆಂದು ಪುಸ್ತಕಗಳು ಹೇಳುತ್ತಿದ್ದವು. 2010ರ ಸುಮಾರಿಗೆ ಆ ನಂಬಿಕೆ ಮುರಿಯಿತು. 2014ರಲ್ಲಿ ಇಲಿಗಳ ಮೇಲಿನ ಪ್ರಯೋಗವೊಂದು, ನಾರು ತಿಂದ ಇಲಿಗಳ ಕರುಳಲ್ಲಿ ಹುಟ್ಟುವ ಕೊಬ್ಬಿನಾಮ್ಲಗಳು ಶ್ವಾಸನಾಳದ ಅಲರ್ಜಿಯನ್ನು ತಗ್ಗಿಸುವುದನ್ನು ತೋರಿಸಿತು. ಹೊಟ್ಟೆಗೂ ಎದೆಗೂ ನಂಟು ಹೀಗೆ ಬೆಳಕಿಗೆ ಬಂತು.

ಮನುಷ್ಯರಲ್ಲಿ? 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆಲ್ಸಿಂಕಿಯ ಶಿಶುವಿಹಾರಗಳ 571 ಮಕ್ಕಳಿಗೆ ಏಳು ತಿಂಗಳು ಹಾಲು ಕೊಟ್ಟರು, ಕೆಲವರ ಹಾಲಿನಲ್ಲಿ ಜೀವಾಣು ಬೆರೆಸಿದ್ದರು. ಜೀವಾಣು ಕುಡಿದವರಲ್ಲಿ ಉಸಿರಾಟದ ತೀವ್ರ ಸೋಂಕುಗಳು ಸ್ವಲ್ಪ ತಗ್ಗಿದವು. ನಮ್ಮದೇ ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ನಿರ್ದಿಷ್ಟ ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನು ಆ ಜೀವಾಣುವಿನ ಆಹಾರದ ಜೊತೆ ವಾರ ಕಾಲ ಕೊಟ್ಟಾಗ ನಂಜು ಮತ್ತು ಸಾವು ಒಟ್ಟಾರೆ ಶೇ. 40ರಷ್ಟು ತಗ್ಗಿತು, ಶ್ವಾಸಕೋಶದ ಸೋಂಕೂ ಇಳಿಯಿತು. ಅಷ್ಟು ಅಗ್ಗದ ಮದ್ದು, ಅಷ್ಟು ಬಡ ಮನೆಗಳಲ್ಲಿ! ಇದನ್ನು ಓದಿದಾಗ ನನಗೆ ಮೈ ನವಿರೆದ್ದಿತ್ತು. ಆದರೆ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೆಂಟಿಲೇಟರ್ ಹಾಕಿಸಿಕೊಂಡ 2,650 ರೋಗಿಗಳಲ್ಲಿ ಕೆಲವರಿಗೆ ಬೇರೊಂದು ತಳಿ ಕೊಟ್ಟು ನೋಡಿದರು. ಪಡೆದವರಲ್ಲಿ ಶೇ. 21.9, ಪಡೆಯದವರಲ್ಲಿ ಶೇ. 21.3 ಮಂದಿಗೆ ನ್ಯುಮೋನಿಯಾ ಆಯಿತು. ಪ್ರಯೋಜನವಾಗಲಿಲ್ಲ, ಕೆಲವರ ರಕ್ತಕ್ಕೇ ಆ ಬ್ಯಾಕ್ಟೀರಿಯಾ ಸೇರಿತು.

ಆದ್ದರಿಂದ ಡಬ್ಬಿಯ ಮೇಲೆ ‘ಪ್ರೊಬಯಾಟಿಕ್’ ಎಂದಿದ್ದರೆ ಸಾಲದು, ತಳಿಯ ಹೆಸರೂ ಸಂಖ್ಯೆಯೂ ಬೇಕು. ಬೆಂಗಳೂರಿನ ಸಾಮಿ ಲ್ಯಾಬ್ಸ್ ತಯಾರಿಸಿದ ಬ್ಯಾಸಿಲಸ್ ಕೊಯಾಗ್ಯುಲನ್ಸ್ ತಳಿಗೆ ಅಂಥ ಸಂಖ್ಯೆಯಿದೆ. 2016ರಲ್ಲಿ ಪ್ರಕಟವಾದ ಅದರ ಪ್ರಯೋಗ ನಡೆದದ್ದು ಕರುಳಿನ ಕಾಯಿಲೆಗೆ, ಎದೆಗಲ್ಲ. ಜೋಳದ ಅಂಬಲಿಯನ್ನೂ ಹೀಗೇ ನೋಡಬೇಕು. ಹುಳಿ ಬಂದ ಹಿಟ್ಟನ್ನು ಕುದಿಸಿದರೆ ಜೀವಾಣು ಸಾಯುತ್ತವೆ, ಆರಿದ ಮೇಲೆ ಬೆರೆಸಿದ ಮಜ್ಜಿಗೆಯಿಂದ ಮತ್ತೆ ಸೇರುತ್ತವೆ. ಅದು ಒಳ್ಳೆಯ ಊಟ. ದಮ್ಮಿಗೆ ಮದ್ದೆನ್ನಲು ಪುರಾವೆಯಿಲ್ಲ.

ಕೋವಿಡ್ ಕಾಲದಲ್ಲಿ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಗೂ ಕೈ ಬಿತ್ತು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಸೇವಿಸಿದ ಆರು ಮಂದಿಯ ಯಕೃತ್ತಿಗೆ ಪೆಟ್ಟಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ವಾದ ನಡೆದೇ ಇದೆ.

ಕಪ್ಪತಗುಡ್ಡವನ್ನು ಗಣಿಯಿಂದ ಉಳಿಸಲು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ ಜನ ಬೀದಿಗಿಳಿದರು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗುಡ್ಡ ಉಳಿಯಿತು. ಗದಗಿನಲ್ಲಿ ಆಯುರ್ವೇದ ಕಾಲೇಜಿದೆ, ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಿದೆ, ಒಲೆಯ ಮುಂದೆ ಕೆಮ್ಮುವ ಹೆಣ್ಣುಮಕ್ಕಳು ಕೊರ್ಲಹಳ್ಳಿಯಲ್ಲೂ ಇದ್ದಾರೆ. ಆಡುಮುಟ್ಟದ ಬಳ್ಳಿಯ ಹಸಿ ಎಲೆಯನ್ನು ಇನ್ನೊಮ್ಮೆ, ಈ ಸಲ ಇಲ್ಲೇ, ಒರೆಗೆ ಹಚ್ಚಬೇಕು.