ಮೇಜಿನ ಮೇಲಿನ ರೈಲು: ದೆಹಲಿ ಸೀಮೆಯಲ್ಲಿ ಮಾದರಿ ನಿರ್ಮಾಣ ಮತ್ತು ವೆದರಿಂಗ್

ನಿಜವಾದ ರೈಲನ್ನು ಗೊತ್ತಾದ ಪ್ರಮಾಣದಲ್ಲಿ ಕುಗ್ಗಿಸಿ, ಹಳಿ, ನಿಲ್ದಾಣ, ನೆಲ, ಗಿಡಮರಗಳ ಸಮೇತ ಹಲಗೆಯ ಮೇಲೆ ಕಟ್ಟಿ ಓಡಿಸುವ ಹವ್ಯಾಸವೇ ಮಾದರಿ ರೈಲು ನಿರ್ಮಾಣ. ಹೀಗೆ ಕಟ್ಟಿದ ಇಡೀ ದೃಶ್ಯಕ್ಕೆ ಲೇಔಟ್ ಎಂದು ಹೆಸರು. ಹೊಸದಾಗಿ ಬಣ್ಣ ಬಳಿದ ಮಾದರಿಗೆ ಬಿಸಿಲು, ಮಳೆ, ದೂಳು, ತುಕ್ಕು, ಮಸಿಗಳ ಗುರುತು ಮೂಡಿಸುವ ಕೆಲಸಕ್ಕೆ ವೆದರಿಂಗ್ ಎನ್ನುತ್ತಾರೆ. ದೆಹಲಿ, ಗುರುಗ್ರಾಮ, ಗಾಜಿಯಾಬಾದ್, ರೇವಾಡಿಗಳು ಸೇರಿದ ರಾಜಧಾನಿ ಪ್ರದೇಶ ಬ್ರಾಡ್ ಗೇಜ್, ಮೀಟರ್ ಗೇಜ್, ಸ್ಟ್ಯಾಂಡರ್ಡ್ ಗೇಜ್ ಮೂರನ್ನೂ ಕಂಡ ಸೀಮೆಯಾದ್ದರಿಂದ ಮಾದರಿ ಕಟ್ಟುವವರಿಗೆ ಇಲ್ಲಿ ಸಿಗುವಷ್ಟು ವಸ್ತು ದೇಶದ ಬೇರೆ ಕಡೆ ಸಿಗುವುದು ಕಷ್ಟ.

ಈ ವಿಷಯವನ್ನು ಹುಡುಕಹೊರಟವರಿಗೆ ಮೊದಲು ಎದುರಾಗುವ ತೊಡಕು ಹೆಸರಿನದು. ‘ಟಾಯ್ ಟ್ರೇನ್’ ಎಂಬ ಒಂದೇ ಮಾತನ್ನು ಪತ್ರಿಕೆಗಳೂ ಪ್ರವಾಸಿ ಕೈಪಿಡಿಗಳೂ ಮೂರು ಬೇರೆ ಬೇರೆ ವಸ್ತುಗಳಿಗೆ ಹಚ್ಚಿವೆ. ಡಾರ್ಜಿಲಿಂಗಿನ 610 ಮಿ.ಮೀ. ಗೇಜಿನದೂ ಕಾಲ್ಕಾ–ಶಿಮ್ಲಾದ 762 ಮಿ.ಮೀ. ಗೇಜಿನದೂ ಟಿಕೆಟ್ ಕೊಟ್ಟು ಊರಿಂದೂರಿಗೆ ಹೋಗುವ ನಿಜವಾದ ರೈಲುಗಳು. ದೆಹಲಿಯ ರೈಲು ಮ್ಯೂಸಿಯಂ ಅಂಗಳದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುವುದು ಎರಡನೆಯ ಬಗೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಪುಟಾಣಿ ರೈಲು ಕಂಡವರಿಗೆ ಇದು ಗೊತ್ತು. ಮೇಜಿನ ಮೇಲೆ ಅಳತೆಗೆ ಸರಿಯಾಗಿ ಕಟ್ಟಿದ್ದು ಮೂರನೆಯದು. ಚನ್ನಪಟ್ಟಣದ ಅರಗು ಬಣ್ಣದ ಮರದ ರೈಲು ಈ ಮೂರಕ್ಕೂ ಸೇರದ ಶುದ್ಧ ಆಟಿಕೆ. ಅದು ಯಾವ ನಿಜವಾದ ಗಾಡಿಯ ಅಳತೆಯನ್ನೂ ಅನುಸರಿಸುವುದಿಲ್ಲ, ಅನುಸರಿಸಬೇಕಾಗಿಯೂ ಇಲ್ಲ. ಗ್ವಾಲಿಯರಿನ ಜೈ ವಿಲಾಸ್ ಅರಮನೆಯಲ್ಲಿ ಊಟದ ಮೇಜಿನ ಸುತ್ತ ಮದ್ಯದ ಹೂಜಿಗಳನ್ನು ಹೊತ್ತು ಓಡುತ್ತಿದ್ದ ಬೆಳ್ಳಿಯ ರೈಲನ್ನು ಉತ್ತರ ಭಾರತದ ಮಾದರಿ ಪರಂಪರೆಯ ಮೂಲ ಎಂದು ಹೇಳುವುದುಂಟು. ಅದು ಅರಸರ ವೈಭವದ ವಸ್ತು. ಈ ಲೇಖನದ ಹರಹು ಮೂರನೆಯ ಬಗೆಗೆ ಸೀಮಿತ.

ಜಗತ್ತಿನ ಮಟ್ಟದ ಕಥೆ ಸಾಕಷ್ಟು ದಾಖಲಾಗಿದೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಆಟಿಕೆ ಹಳಿಗಳಿಗೆ ನಿಗದಿತ ಅಗಲಗಳನ್ನು ತಂದಿತು. 1935ರ ಹೊತ್ತಿಗೆ ಮೇಜಿನ ಮೇಲೆ ಹಿಡಿಸುವ 16.5 ಮಿ.ಮೀ. ಹಳಿ ನೆಲೆಯಾಯಿತು, 1938ರಲ್ಲಿ ಬ್ರಿಟನ್ನಿನ ಹಾರ್ನ್‌ಬಿ ಡಬ್ಲೋ, 1962ರಲ್ಲಿ ಜರ್ಮನಿಯ ಆರ್ನಾಲ್ಡ್ ಕಂಪನಿಯ 9 ಮಿ.ಮೀ. ಹಳಿಯ ಎನ್ ಗೇಜ್ ಬಂದವು. ಮಾದರಿ ಹೊಳೆಯಬಾರದು, ದುಡಿದು ದಣಿದಂತೆ ಕಾಣಬೇಕು ಎಂಬ ಅಭಿರುಚಿಯನ್ನು ಬಲವಾಗಿ ಊರಿದವರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್ ಮುಖ್ಯರು. ಅವರು 1973ರ ಜನವರಿಯಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಅವರ ಲೇಔಟ್ ಬೆಂಕಿಗೆ ಆಹುತಿಯಾಯಿತು.

ದೆಹಲಿಯ ಮಟ್ಟಿಗೆ ಮೊದಲ ಗಟ್ಟಿ ಆಧಾರ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಮ್ಯೂಸಿಯಂ. ಅದರ ಸ್ಥಾಪನೆಯ ವರ್ಷವನ್ನು ಒಬ್ಬರು 1971 ಎಂದೂ ಇನ್ನೊಬ್ಬರು 1977 ಎಂದೂ ಬರೆಯುವುದಕ್ಕೆ ಕಾರಣ ಸರಳ. 1971ರ ಅಕ್ಟೋಬರ್ 7ರಂದು ಶಂಕುಸ್ಥಾಪನೆ ಮಾಡಿದವರು ರಾಷ್ಟ್ರಪತಿ ವಿ.ವಿ. ಗಿರಿ. ಬಾಗಿಲು ತೆರೆದದ್ದು 1977ರ ಫೆಬ್ರುವರಿ 1ರಂದು, ಕಮಲಾಪತಿ ತ್ರಿಪಾಠಿ ರೈಲ್ವೆ ಮಂತ್ರಿಯಾಗಿದ್ದಾಗ, ರೈಲ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಎಂಬ ಹೆಸರಿನಲ್ಲಿ. ಇದರ ಹಿಂದೆ ದುಡಿದ ಮೈಕೆಲ್ ಗ್ರಹಾಂ ಸಾಟೋ ಅವರನ್ನು ಹಲವು ಬರಹಗಳು ವಾಸ್ತುಶಿಲ್ಪಿ ಎನ್ನುತ್ತವೆ. ಅವರು ಐಸಿಐ ಕಂಪನಿಯಲ್ಲಿದ್ದ ಎಂಜಿನಿಯರ್. ಪಟಿಯಾಲದಲ್ಲಿ ಮರೆತು ಬಿದ್ದಿದ್ದ ಒಂಟಿ ಹಳಿಯ ರೈಲನ್ನು 1962ರಲ್ಲಿ ಗುರುತಿಸಿದವರು, 1975ರಲ್ಲಿ ಇಂಗ್ಲೆಂಡಿನಲ್ಲಿ ‘ಲೋಕೋಮೋಶನ್’ ಇಂಜಿನಿನ ಪೂರ್ಣಗಾತ್ರದ ಪ್ರತಿಕೃತಿ ಕಟ್ಟಿಸಿದವರು. ಅಳತೆ, ಪ್ರತಿಕೃತಿಗಳ ವಿಷಯದಲ್ಲಿ ಇಷ್ಟು ಶ್ರದ್ಧೆಯಿದ್ದವರ ನೆರಳಿನಲ್ಲಿ ಮ್ಯೂಸಿಯಂ ಬೆಳೆದದ್ದು ಮಾದರಿ ಕಟ್ಟುವವರ ಭಾಗ್ಯ. 1855ರ ಫೇರಿ ಕ್ವೀನ್ ಮೊದಲಾದ ಇಂಜಿನುಗಳ ಸುತ್ತ ನಡೆದು, ಟೇಪು ಹಿಡಿದು ಅಳೆದು, ಚಿತ್ರ ಬರೆದುಕೊಳ್ಳುವ ಅನುಕೂಲ ಇಲ್ಲಿ ಒದಗಿತು. ಮೈಸೂರಿನ ರೈಲು ಮ್ಯೂಸಿಯಂ 1979ರಲ್ಲಿ, ಮಾದರಿಗಳಿಗೇ ಮೀಸಲಾದ ಪುಣೆಯ ಜೋಶಿ ಮ್ಯೂಸಿಯಂ 1998ರಲ್ಲಿ ಬಂದವು.

ಹವ್ಯಾಸದ ಇತಿಹಾಸಗಳು ಬಿಟ್ಟುಬಿಡುವ ಇನ್ನೊಂದು ಎಳೆ ರೈಲ್ವೆ ತರಬೇತಿ ಶಾಲೆಗಳ ಮಾಡೆಲ್ ರೂಮ್. ಸ್ಟೇಷನ್ ಮಾಸ್ತರರಿಗೂ ಗಾರ್ಡುಗಳಿಗೂ ಸಿಗ್ನಲ್, ಪಾಯಿಂಟು, ಬ್ಲಾಕ್ ಉಪಕರಣಗಳ ನಡೆ ಕಲಿಸಲು ಅಲ್ಲಿ ಮೇಜಿನ ಮೇಲೆ ಪುಟ್ಟ ನಿಲ್ದಾಣಗಳನ್ನೇ ಹಾಸಿರುತ್ತಾರೆ. ನಮ್ಮಲ್ಲಿ ಲೇಔಟ್ ಎಂಬುದು ಶ್ರೀಮಂತರ ಮನೆಯ ಆಟಿಕೆಯಾಗಿಯಷ್ಟೇ ಬಂದಿತೆನ್ನುವುದು ಈ ಕಾರಣಕ್ಕೆ ಅರೆಸತ್ಯ.

ಎರಡನೆಯ ತೊಡಕು ಅಳತೆಯದು. ಪ್ರಮಾಣ ಬೇರೆ, ಹಳಿಯ ಅಗಲವಾದ ಗೇಜ್ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಬರೆದ ಟಿಪ್ಪಣಿಗಳು ಬೇಕಾದಷ್ಟಿವೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಮಾದರಿಯ ಪ್ರಮಾಣ 1:87, ಹಳಿಯ ಅಗಲ 16.5 ಮಿ.ಮೀ. ಇದು 1435 ಮಿ.ಮೀ.ಯ ಸ್ಟ್ಯಾಂಡರ್ಡ್ ಗೇಜಿಗೆ ಸರಿ. ಭಾರತದ ಬ್ರಾಡ್ ಗೇಜ್ 1676 ಮಿ.ಮೀ.; 1:87ರಲ್ಲಿ ಅದಕ್ಕೆ 19.3 ಮಿ.ಮೀ. ಹಳಿ ಬೇಕು. ಅಂದರೆ ಅಂಗಡಿಯ ಹಳಿಯ ಮೇಲೆ ನಿಲ್ಲಿಸಿದ ರಾಜಧಾನಿ ಎಕ್ಸ್‌ಪ್ರೆಸ್ ಬೋಗಿ ಹೆಗಲು ಅಗಲವಾಗಿ ಕಾಲು ಕೂಡಿಸಿ ನಿಂತವರಂತೆ ಕಾಣುತ್ತದೆ. ಬ್ರಿಟಿಷರ ಒಒ ಪ್ರಮಾಣ 1:76.2ರಲ್ಲಿ ಲೆಕ್ಕ ಹಾಕಿದರೆ ನಮ್ಮ ಗೇಜಿಗೆ ಬರುವ ಅಗಲ ಹೆಚ್ಚುಕಡಿಮೆ ನಿಖರವಾಗಿ 22 ಮಿ.ಮೀ.; ಆದರೆ ಆ ಅಗಲದ ಹಳಿಯನ್ನು ಕೈಯಲ್ಲೇ ಬೆಸೆದು ಮಾಡಿಕೊಳ್ಳಬೇಕು. ಬಹಳ ಮಂದಿ 16.5ರಲ್ಲೇ ಉಳಿದು ಬೋಗಿಯ ಅಂದಕ್ಕೆ ಗಮನ ಕೊಡುತ್ತಾರೆ, ಅದನ್ನು ತಪ್ಪೆನ್ನಲಾಗದು.

ದೆಹಲಿಗೇ ವಿಶೇಷವಾದ ಸಂಗತಿಯೊಂದು ಇಲ್ಲಿದೆ. 2002ರಲ್ಲಿ ಶುರುವಾದ ದೆಹಲಿ ಮೆಟ್ರೊದ ಕೆಂಪು, ಹಳದಿ, ನೀಲಿ ಮಾರ್ಗಗಳು ಬ್ರಾಡ್ ಗೇಜಿನವು. 2010ರಲ್ಲಿ ತೆರೆದ ಹಸಿರು ಮಾರ್ಗದಿಂದ ಮುಂದಿನವು ಸ್ಟ್ಯಾಂಡರ್ಡ್ ಗೇಜಿನವು. ಆದ್ದರಿಂದ ನೇರಳೆ ಮಾರ್ಗದ ಮಾದರಿಗೆ ಎಚ್‌ಒ ಹಳಿ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. ಹಳದಿ ಮಾರ್ಗದ್ದಕ್ಕೆ ಹೊಂದುವುದಿಲ್ಲ. ಇನ್ನು ಮೀಟರ್ ಗೇಜಿಗೆ 1:87ರಲ್ಲಿ 11.5 ಮಿ.ಮೀ. ಬೇಕು, ಮಾರುಕಟ್ಟೆಯಲ್ಲಿರುವ 12 ಮಿ.ಮೀ. ಹಳಿ ಸಾಕಾಗುತ್ತದೆ.

ಚಿಕ್ಕ ಲೇಔಟಿಗೆ ಮೀಟರ್ ಗೇಜ್ ಒಪ್ಪುವುದಕ್ಕೆ ಅಗಲವೊಂದೇ ಕಾರಣವಲ್ಲ. ದೆಹಲಿ–ರೇವಾಡಿ ನಡುವೆ ಮೀಟರ್ ಗೇಜ್ ರೈಲು ಓಡಲಾರಂಭಿಸಿದ್ದು 1873ರ ಫೆಬ್ರುವರಿ 14ರಂದು. ಅದೇ ಕಾಲಕ್ಕೆ ಗಢೀ ಹರಸರೂ ಎಂಬಲ್ಲಿಂದ ಫರ್ರೂಖ್‌ನಗರಕ್ಕೆ ಸುಮಾರು 11 ಕಿ.ಮೀ. ಕವಲು ಬಿತ್ತು. ಅಲ್ಲಿನ ಉಪ್ಪುನೀರಿನ ಬಾವಿಗಳಿಂದ ತೆಗೆದ ಉಪ್ಪು ಈ ದಾರಿಯಲ್ಲಿ ಹೋಗುತ್ತಿತ್ತು. ಕವಲು ಈಗ ಬ್ರಾಡ್ ಗೇಜ್ ಆಗಿದೆ. ಆದರೆ ಕೊನೆಯ ನಿಲ್ದಾಣ, ಒಂದು ಪ್ಲಾಟ್‌ಫಾರಂ, ಒಂದೆರಡು ಸೈಡಿಂಗು, ಉಪ್ಪಿನ ಮೂಟೆ, ನಾಲ್ಕು ಚಕ್ರದ ವ್ಯಾಗನ್ನು: ನಾಲ್ಕಡಿ ಉದ್ದ, ಒಂದಡಿ ಅಗಲದ ಹಲಗೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಮೀಟರ್ ಗೇಜಿನ ವೈಪಿ ಉಗಿ ಇಂಜಿನ್ ಸುಮಾರು 19 ಮೀಟರ್, ಅಂದರೆ ಮಾದರಿಯಲ್ಲಿ 22 ಸೆಂ.ಮೀ.; ಹಿಂದೆ ಎರಡು ಬೋಗಿ ಸೇರಿಸಿದರೂ 70 ಸೆಂ.ಮೀ. ದಾಟುವುದಿಲ್ಲ. ಓಡಿಸಲು ಜಾಗ ಸಾಲದಿದ್ದರೆ ಶಂಟಿಂಗ್ ಇದೆ. ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ಇಂಗಲ್‌ನುಕ್ ಎಂಬ ಮೂರು ಸೈಡಿಂಗಿನ ವಿನ್ಯಾಸದಲ್ಲಿ ಎಂಟು ವ್ಯಾಗನ್ನುಗಳಿಂದ ಐದನ್ನು ಹೇಳಿದ ಕ್ರಮದಲ್ಲಿ ಜೋಡಿಸಬೇಕು. ಸಾಧ್ಯವಿರುವ ಕ್ರಮಗಳು 6,720. ಒಂದು ಸಂಜೆಗೆ ಮುಗಿಯುವ ಆಟವಲ್ಲ.

ಕಟ್ಟುವ ಸಾಮಾನು ಊರಿನೊಳಗೇ ಸಿಗುತ್ತದೆ: ಪ್ಲೈವುಡ್ಡಿಗೆ ಕೀರ್ತಿ ನಗರ, ರಟ್ಟು ಕಾಗದಕ್ಕೆ ಚಾವಡೀ ಬಜಾರ್, ಟ್ರಾನ್ಸ್‌ಫಾರ್ಮರ್, ಸ್ವಿಚ್ಚು, ತಂತಿಗೆ ಕೆಂಪು ಕೋಟೆಯ ಎದುರಿನ ಲಜಪತ್ ರಾಯ್ ಮಾರ್ಕೆಟ್. ತೊಂದರೆ ಕೊಡುವುದು ಹವೆ. ಚಳಿಗಾಲದ 5 ಡಿಗ್ರಿಯಿಂದ ಜೂನಿನ 45 ಡಿಗ್ರಿಗೆ ಏರುವಾಗ ನಾಲ್ಕಡಿ ಹಳಿ ಮುಕ್ಕಾಲು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಸಂದು ಬಿಡದೆ ಹಾಸಿದರೆ ಬಾಗುತ್ತದೆ. ಜುಲೈಯ ತೇವಕ್ಕೆ ಹಲಗೆಯೂ ಉಬ್ಬುತ್ತದೆ. ಆದ್ದರಿಂದ ಪ್ಲೈವುಡ್ಡಿನ ಅಡಿ, ಅಂಚುಗಳಿಗೂ ವಾರ್ನಿಶ್ ಬಳಿಯುವುದು ಇಲ್ಲಿ ಅನಿವಾರ್ಯ.

ನೆಲ ಮಾಡುವುದರಲ್ಲಿ ದೆಹಲಿಯ ಮಣ್ಣಿಗೆ ಅದರದೇ ಗುಣವಿದೆ. ನಿಜವಾದ ಹಳಿಯ ಜಲ್ಲಿಯ ಒಂದು ಕಲ್ಲು 50 ಮಿ.ಮೀ. ಇದ್ದರೆ 1:87ರಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು, ಉಪ್ಪಿಟ್ಟಿನ ರವೆಯ ಕಾಳಿನಷ್ಟು. ಗಾರೆ ಕೆಲಸದವರು ‘ಬದರ್‌ಪುರ್’ ಎಂದು ಕರೆಯುವ ಅರಾವಳಿಯ ಕೆಂಪು ಛಾಯೆಯ ಒರಟು ಮರಳನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಈ ಗಾತ್ರ ಸಿಗುತ್ತದೆ. ಯಮುನೆಯ ಮರಳು ಇನ್ನೂ ನುಣುಪು. ಆದರೆ ಅದರಲ್ಲಿ ಅಭ್ರಕ ಬೆರೆತಿದೆ. ದೀಪ ಹಾಕಿದ ಕೂಡಲೇ ಪುಟ್ಟ ಹೊಲದ ತುಂಬ ಕನ್ನಡಿ ಚೂರು ಚೆಲ್ಲಿದಂತೆ ಮಿನುಗಿ ದೃಶ್ಯವನ್ನೇ ಕೆಡಿಸುತ್ತದೆ. ಯಾವ ಮರಳೇ ಆಗಲಿ, ಹಾಸುವ ಮೊದಲು ಅಯಸ್ಕಾಂತ ಆಡಿಸಬೇಕು. ಅದಕ್ಕೆ ಅಂಟಿಕೊಳ್ಳುವ ಕರಿಯ ಕಬ್ಬಿಣದ ಕಣಗಳು ಹಾಗೇ ಉಳಿದರೆ ಇಂಜಿನಿನ ಮೋಟಾರು ಅವನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ನೀರು ಬೆರೆಸಿದ ಫೆವಿಕಾಲಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮರಳಿನ ಮೇಲೆ ಡ್ರಾಪರಿನಿಂದ ತೊಟ್ಟಿಕ್ಕಿಸುವುದು. ಸೋಪಿಲ್ಲದಿದ್ದರೆ ಹನಿ ಗುಂಡಗೆ ನಿಂತು ಮರಳನ್ನು ಕೆದರುತ್ತದೆ.

ವೆದರಿಂಗಿನ ಇತಿಹಾಸ ಬರೆಯುವಾಗ ಮ್ಯೂಸಿಯಮ್ಮೇ ಅಡ್ಡಿಯಾಗುತ್ತದೆ. ಅಲ್ಲಿನ ಇಂಜಿನುಗಳಿಗೆ ಮತ್ತೆ ಮತ್ತೆ ಹೊಳೆಯುವ ಬಣ್ಣ ಬಿದ್ದಿದೆ. ಸಂರಕ್ಷಣೆಗೆ ಅದು ಬೇಕು. ಆದರೆ ದುಡಿಯುವ ಇಂಜಿನ್ ಹೇಗಿತ್ತೆಂಬುದಕ್ಕೆ ಅದು ಸಾಕ್ಷಿಯಲ್ಲ. ಆ ಸಾಕ್ಷಿ ಬೇಕಾದವರು ರೇವಾಡಿಗೆ ಹೋಗಬೇಕು. 1893ರಲ್ಲಿ ಕಟ್ಟಿದ ಅಲ್ಲಿನ ಉಗಿ ಇಂಜಿನ್ ಶೆಡ್ಡು ಒಂದು ಶತಮಾನ ದುಡಿದು ಮುಚ್ಚಿ, ಆಮೇಲೆ ಪಾರಂಪರಿಕ ಶೆಡ್ಡಾಗಿ ಮತ್ತೆ ತೆರೆದು, ‘ಅಕ್ಬರ್’ ಹೆಸರಿನ ಡಬ್ಲ್ಯುಪಿ ಇಂಜಿನಿನಂಥವನ್ನು ಉರಿ ಹಾಕಿ ಓಡಿಸುವ ಸ್ಥಿತಿಯಲ್ಲಿ ಇಟ್ಟುಕೊಂಡಿದೆ. ಉರಿ ಹಾಕಿದ ಇಂಜಿನಿನ ಬಾಯ್ಲರ್ ಮೇಲೆ ಸುಣ್ಣದ ನೀರು ಸೋರಿ ಒಣಗಿದ ಬಿಳಿ ಗೆರೆ, ಚಕ್ರದ ಕಡ್ಡಿಗಳ ನಡುವೆ ಎಣ್ಣೆಗೆ ಮೆತ್ತಿದ ಬೂದಿ, ಚಿಮಣಿಯ ಹಿಂದೆ ಮಾತ್ರ ದಟ್ಟವಾದ ಮಸಿ ಕಾಣಸಿಗುತ್ತವೆ. ದೆಹಲಿ ಸೀಮೆಯ ಮಾದರಿ ನಿರ್ಮಾಣದಲ್ಲಿ ನಿಜವಾದ ತಿರುವೆಂದರೆ ಮ್ಯೂಸಿಯಮ್ಮಿನ ಹೊಳಪನ್ನು ಬಿಟ್ಟು ಶೆಡ್ಡು, ಯಾರ್ಡುಗಳ ಕೊಳೆಯನ್ನು ನೋಡಿ ಬಣ್ಣ ಹಚ್ಚತೊಡಗಿದ್ದು.

ಬದರ್‌ಪುರ ವಿದ್ಯುತ್ ಸ್ಥಾವರ 2018ರ ಅಕ್ಟೋಬರಿನಲ್ಲಿ ಮುಚ್ಚುವವರೆಗೂ ಅಲ್ಲಿಗೆ ಕಲ್ಲಿದ್ದಲು ಬರುತ್ತಿತ್ತು. ವೆದರಿಂಗಿನ ಉದಾಹರಣೆಗೆ, ಆ ಕಲ್ಲಿದ್ದಲು ಹೊತ್ತು ತರುತ್ತಿದ್ದಂಥ ಬಾಕ್ಸ್‌ಎನ್ ವ್ಯಾಗನ್ನೊಂದನ್ನೇ ನೋಡೋಣ. ಎಚ್‌ಒದಲ್ಲಿ ಅದು 12.3 ಸೆಂ.ಮೀ. ಉದ್ದ. ಮೊದಲು ಹೊಳಪು ಕಳೆಯುವ ಮ್ಯಾಟ್ ವಾರ್ನಿಶ್. ಒಣಗಿದ ಮೇಲೆ ಕಡುಕಂದು ಬಣ್ಣವನ್ನು ನೀರಿನಷ್ಟು ತೆಳ್ಳಗೆ ಮಾಡಿ ಇಡೀ ಮೈಗೆ ಬಳಿದು, ಆರುವ ಮೊದಲೇ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಒರೆಸಬೇಕು, ಮಳೆನೀರು ಇಳಿಯುವ ದಿಕ್ಕಿನಲ್ಲಿ. ಅಡ್ಡ ಒರೆಸಿದರೆ ಗಾಡಿ ಮಲಗಿಕೊಂಡು ನೆನೆದಂತೆ ಕಾಣುತ್ತದೆ. ತುಕ್ಕನ್ನು ಸ್ಪಂಜಿನ ಚೂರಿನಿಂದ ಅಂಚುಗಳಲ್ಲಿ ಮುಟ್ಟಿಸುವುದು. ಕಲ್ಲಿದ್ದಲು ಉಜ್ಜುವ ಒಳಮೈಯಲ್ಲಿ ಹೆಚ್ಚು, ಹೊರಮೈಯಲ್ಲಿ ಕಡಿಮೆ. ಚಕ್ರದ ಪಕ್ಕ ಕಂದು, ಹಳಿಗೆ ತಾಗುವ ಭಾಗ ಮಾತ್ರ ಬೆಳ್ಳಗೆ. ಯಾರ್ಡಿನವರು ಸೀಮೆಸುಣ್ಣದಲ್ಲಿ ಗೀಚುವ ಗುರುತನ್ನು ಚೂಪು ಮಾಡಿದ ಬಿಳಿ ಪೆನ್ಸಿಲ್ಲಿನಲ್ಲಿ ಬರೆಯಬಹುದು. ಕೊನೆಗೆ ದೆಹಲಿಯ ಮೇ ತಿಂಗಳ ಆಂಧಿ ಎಂಬ ಬಿರುಗಾಳಿ ತಂದು ಸುರಿಯುವ ಮಾಸಲು ಹಳದಿ ದೂಳು. ಪೇಸ್ಟಲ್ ಕಡ್ಡಿಯನ್ನು ಮರಳು ಕಾಗದಕ್ಕೆ ಉಜ್ಜಿ ಪುಡಿ ಮಾಡಿ, ಮೆತ್ತನೆಯ ಬ್ರಷ್ಷಿನಲ್ಲಿ ತಳಭಾಗಕ್ಕೆ ಸವರುವುದು.

ಹವ್ಯಾಸದ ದಾರಿಯನ್ನು ಸುಂಕವೂ ತಿರುಗಿಸಿತು. 2020ರ ಫೆಬ್ರುವರಿಯಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅಳತೆಯ ಮಾದರಿಗಳೂ ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಸಾಲಿನಲ್ಲೇ ಇವೆ. ಜರ್ಮನಿ, ಬ್ರಿಟನ್ನುಗಳಿಂದ ತರಿಸುವ ಇಂಜಿನ್ ದುಬಾರಿಯಾದಷ್ಟೂ ರಟ್ಟು ಕತ್ತರಿಸಿ, ತ್ರೀಡಿ ಮುದ್ರಣದಲ್ಲಿ ಬೋಗಿ ತೆಗೆದು ಸ್ವಂತ ಕಟ್ಟುವ ದಾರಿ ಹೆಚ್ಚು ಅರ್ಥಪೂರ್ಣವಾಯಿತು. ಭಾರತದ ಗಾಡಿಗಳನ್ನೇ ಕಟ್ಟುವುದಕ್ಕೆ ಇದು ಒತ್ತಾಸೆ ಎಂದೇ ಎಣಿಸಬೇಕು.

ಇದೇ ಅವಧಿಯಲ್ಲಿ ಗಾಡಿಗಳ ಮೇಲಿನ ಕೊಳೆಯೂ ಬದಲಾಗಿದೆ. ದಾಖಲೆಗಳಲ್ಲಿ ತೀರಾ ಕಡಿಮೆ ಸಿಗುವುದು ಈ ಭಾಗ. ಎರಕದ ಕಬ್ಬಿಣದ ಬ್ರೇಕ್ ಬ್ಲಾಕ್ ಸವೆದು ಬೋಗಿಯ ತಳಕ್ಕೆಲ್ಲ ಮೆತ್ತುತ್ತಿದ್ದ ಕಂದು ಪುಡಿ, ಕಾಂಪೋಸಿಟ್ ಬ್ಲಾಕ್ ಬಂದಮೇಲೆ ಕಡಿಮೆಯಾಯಿತು. ಹಳೆಯ ಮಾದರಿಯ ಐಸಿಎಫ್ ಬೋಗಿಗಳ ತಯಾರಿಕೆ ಪೆರಂಬೂರಿನಲ್ಲಿ 2018ರ ಜನವರಿಯಲ್ಲಿ ನಿಂತಿತು. ಅವುಗಳ ಜಾಗಕ್ಕೆ ಬಂದ ಎಲ್‌ಎಚ್‌ಬಿ ಬೋಗಿಯ ಸ್ಟೇನ್‌ಲೆಸ್ ಸ್ಟೀಲಿನ ಮೈ ಕಿಟಕಿಯ ಮೂಲೆಗಳಲ್ಲಿ ಹಳೆಯವುಗಳ ಹಾಗೆ ತುಕ್ಕು ಹಿಡಿಯುವುದಿಲ್ಲ. ದೆಹಲಿ ಕನ್ನಡಿಗರು ‘ಕೆ.ಕೆ.’ ಎಂದೇ ಕರೆಯುತ್ತಿದ್ದ ಕರ್ನಾಟಕ ಎಕ್ಸ್‌ಪ್ರೆಸ್ಸಿನ ನೀಲಿ ಬೋಗಿಯನ್ನು ಮಾದರಿಯಾಗಿ ಮಾಡುವವರು ಗುಂತಕಲ್ಲಿನ ಕೆಂಪು ದೂಳು, ಅದರ ಮೇಲೆ ಸೊಲ್ಲಾಪುರದ ಕರಿನೆಲದ ಬೂದು, ಎಲ್ಲಕ್ಕಿಂತ ಮೇಲೆ ಉತ್ತರದ ಹಳದಿಯನ್ನು ತೆಳುಪದರಗಳಲ್ಲಿ ಹಚ್ಚಬೇಕು. ಗಾಡಿಯ ಅಡಿಯಲ್ಲಿ, ಶೌಚಾಲಯದ ಕೊಳವೆಯಿಂದ ಸ್ಲೀಪರುಗಳ ಮೇಲೆ ಬೀಳುತ್ತಿದ್ದ ಕಪ್ಪು ಕಲೆಯನ್ನು ತೋರಿಸಬೇಕೋ ಬೇಡವೋ ಎಂಬುದು ಆರಿಸಿಕೊಂಡ ವರ್ಷವನ್ನು ಅವಲಂಬಿಸಿದೆ: ಬೋಗಿಯ ತಳದಲ್ಲಿ ಬಯೊ ಟಾಯ್ಲೆಟ್ಟಿನ ತೊಟ್ಟಿ ಕೂರಿಸಿದರೆ ನಿಲ್ದಾಣದ ಹಳಿಯ ನಡುವಿನ ಜಲ್ಲಿ ಬೂದುಬಣ್ಣದಲ್ಲೇ ಉಳಿಯಬೇಕು.