ಊರ ಹೆಸರು ಬರೆದಿಡುವ ಕೆಲಸ

ಏಳನೇ ತರಗತಿಯ ಮಕ್ಕಳಿಗೆ ನಾವು ಒಮ್ಮೆ ಊರ ಹೆಸರುಗಳ ಅರ್ಥ ಕೇಳಿ ಬರೆದು ತರಲು ಹೇಳಿದೆವು. ‘ಮಧೂರು ಅಂದರೆ ಮಧುರವಾದ ಊರು’ ಎಂದು ಒಬ್ಬ ಬರೆದಿದ್ದ. ಸರಿ ಗುರುತು ಹಾಕಲು ಪೆನ್ನು ಎತ್ತಿದ್ದೆವು. ಅಷ್ಟರಲ್ಲಿ ಪಕ್ಕದ ಹುಡುಗಿ, “ಅಲ್ಲ ಟೀಚರ್, ಮದರು ಅಂತ ಒಬ್ಬಳು ಇದ್ದಳಂತೆ, ಅಜ್ಜಿ ಹೇಳಿದ್ರು” ಎಂದಳು.

ಅಜ್ಜಿ ಹೇಳಿದ್ದು ಈ ಭಾಗದಲ್ಲಿ ಪ್ರಸಿದ್ಧವಾದ ಐತಿಹ್ಯ. ಮಧೂರು ದೇವಸ್ಥಾನದ ಉದ್ಭವಲಿಂಗವನ್ನು ಮೊದಲು ಕಂಡವಳು ಮೊಗೇರ ಸಮುದಾಯದ ಮದರು. ಅವಳ ಹೆಸರೇ ಊರಿಗೆ ಬಂತು. ‘ಮಧುರ’ ಎಂದು ತಿದ್ದಿದರೆ ಹೆಸರು ಚಂದವಾಗುತ್ತದೆ, ಮದರು ಮಾತ್ರ ಮರೆಯಾಗುತ್ತಾಳೆ.

ನಮ್ಮ ಕಡೆಯ ಹೆಚ್ಚಿನ ಹೆಸರುಗಳು ನೆಲ, ನೀರು, ಮರಗಳಿಂದ ಹುಟ್ಟಿದವು. ಬದಿಯಡ್ಕ, ಕಾರಡ್ಕ, ಧರ್ಮತ್ತಡ್ಕಗಳ ‘ಅಡ್ಕ’ ಅಂದರೆ ಎತ್ತರದಲ್ಲಿರುವ ಸಮತಟ್ಟಾದ ಗಟ್ಟಿ ನೆಲ. ಮೀಯಪದವಿನ ‘ಪದವು’ ಮುರಕಲ್ಲಿನ ಬಯಲು. ನೀರ್ಚಾಲಿನಲ್ಲಿ ನೀರಿನ ಚಾಲು ಇದೆ, ಸೀತಾಂಗೋಳಿಯಲ್ಲಿ ಗೋಳಿಮರ. ತುಳುವಿನಲ್ಲಿ ಕುಕ್ಕು ಅಂದರೆ ಮಾವು; ಕಾಟುಕುಕ್ಕೆ ಎಂದೊಡನೆ ಕಾಡುಮಾವು ನೆನಪಾಗುತ್ತದೆ. ಕಾಸರಗೋಡಿಗೂ ಎರಡು ವಿವರಣೆಗಳಿವೆ. ಕೆಲವರು ಸಂಸ್ಕೃತದ ‘ಕಾಸಾರ’, ಅಂದರೆ ಸರೋವರ ಎನ್ನುತ್ತಾರೆ. ಕೆಲವರು ಕಾಸರಕದ ಮರ ಎನ್ನುತ್ತಾರೆ. ಬೇರೆ ಊರುಗಳ ರೀತಿ ನೋಡಿದರೆ ನಮಗೆ ಮರದ ಕಡೆಗೇ ಒಲವು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೆ ಮುಂಚೆ ಇದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅಂದಿನ ಜಾಗದ ಪತ್ರಗಳು ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಇವೆ. ಗದ್ದೆ, ತೋಡು, ಗುಡ್ಡೆಗಳ ಹಳೆಯ ಹೆಸರು ಅವುಗಳಲ್ಲಿ ಸಿಗುತ್ತದೆ. 2021ರ ಜೂನ್‌ನಲ್ಲಿ ಮಧೂರು ‘ಮಧುರಂ’ ಆಗುತ್ತದೆ, ಕಾರಡ್ಕ ‘ಕಾಡಗಂ’ ಆಗುತ್ತದೆ ಎಂಬ ಸುದ್ದಿ ಹಬ್ಬಿತು. ಅಂಥ ಪ್ರಸ್ತಾಪವೇ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಆಗ ನಮಗೂ ಸಿಟ್ಟು ಬಂದಿತ್ತು. ಆದರೆ ಮಧೂರನ್ನು ‘ಮಧುರ’ ಎಂದು ಬರೆದವನು ಕನ್ನಡ ಮೀಡಿಯಂ ಹುಡುಗ, ಸರಿ ಹಾಕಲು ಹೊರಟವರು ಅವನ ಕನ್ನಡ ಟೀಚರ್! ತುಳು ಹೆಸರನ್ನು ಕನ್ನಡವೆಂದು, ಕನ್ನಡದ್ದನ್ನು ಸಂಸ್ಕೃತವೆಂದು ತಿದ್ದುವವರು ನಾವೂ ಹೌದಲ್ಲವೇ?

ಅಂದಿನಿಂದ ಮಕ್ಕಳ ಪುಸ್ತಕದಲ್ಲಿ ನಾಲ್ಕು ಕಲಂ ಹಾಕಿಸಿದ್ದೇವೆ: ಬೋರ್ಡಿನಲ್ಲಿರುವ ಹೆಸರು, ಹಳೆ ಪತ್ರದಲ್ಲಿರುವ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಹೇಳಿದವರು ಯಾರು. ಎರಡು ಕಥೆ ಸಿಕ್ಕರೆ ಎರಡನ್ನೂ ಬರೆಯಬೇಕು. ತುಳು, ಮಲಯಾಳ, ಕೊಂಕಣಿ, ಮರಾಠಿ ಯಾವ ಮನೆಮಾತಾದರೂ ಅವರು ಹೇಳಿದಂತೆಯೇ ಬರೆಯಬೇಕು.

ನಿಮ್ಮ ಮನೆಯ ಹಿಂದಿನ ಗುಡ್ಡೆಗೂ ಒಂದು ಹೆಸರು ಇದ್ದೀತು. ಅಜ್ಜಿ ಇರುವಾಗಲೇ ಕೇಳಿ ಬರೆದಿಡಿ.